ಗೇಟು ಜೋತಿದೆ, ಕಂಬ ವಾಲಿದೆ, ತಡೆಗೋಡೆ ಉಬ್ಬಿದೆ: ತೋಟದ ಮನೆಯಲ್ಲಿ ಸಮತೋಲನದ ದೋಷ ಹುಡುಕುವ ಬಗೆ

ಮಳೆ ಹಿಂದೆ ಸರಿದು ಕಾಫಿ ಕೊಯ್ಲು ಶುರುವಾಗುವ ಮುಂಚಿನ ಬಿಡುವಿನಲ್ಲಿ ಕೊಡಗಿನ ತೋಟದ ಮನೆಗಳಲ್ಲಿ ರಿಪೇರಿಯ ಕಾಲ. ಗೇಟಿಗೆ ವೆಲ್ಡಿಂಗ್‌ನವರು, ಗೋಡೆಗೆ ಮೇಸ್ತ್ರಿ, ಮಾಡಿಗೆ, ಅಂದರೆ ಛಾವಣಿಗೆ, ಬಡಗಿ ಬರುತ್ತಾರೆ. ಕಿತ್ತುಹೋದ ಜಾಗಕ್ಕೆ ಬೆಸುಗೆ, ಬಿರುಕಿಗೆ ಸಿಮೆಂಟು, ಬಾಗಿದ ತೊಲೆಗೆ ಊರುಗೋಲು ಕೊಟ್ಟು ಹೋಗುತ್ತಾರೆ. ಮರುವರ್ಷ ಅದೇ ಜಾಗದಲ್ಲಿ ಅದೇ ತೊಂದರೆ. ಕೆಲಸ ಕಳಪೆಯಾಗಿತ್ತು ಎಂದು ಬೈದುಕೊಳ್ಳುತ್ತೇವೆ. ಬಹುಪಾಲು ಸಂದರ್ಭಗಳಲ್ಲಿ ಆ ಕೆಲಸಗಾರರದು ತಪ್ಪಿರುವುದಿಲ್ಲ. ದೋಷ ಕಣ್ಣಿಗೆ ಬೀಳುವುದು ಒಂದು ಕಡೆ, ಅದರ ಬುಡ ಇರುವುದು ಇನ್ನೊಂದು ಕಡೆ.

ನಿಂತ ವಸ್ತು ನಿಂತೇ ಇರಬೇಕಾದರೆ ಮೂರು ಲೆಕ್ಕ ಸರಿದೂಗಬೇಕು. ಅದರ ಭಾರದಷ್ಟೇ ಬಲದಿಂದ ನೆಲ ಅದನ್ನು ಮೇಲಕ್ಕೆ ಹಿಡಿದಿರಬೇಕು. ಪಕ್ಕಕ್ಕೆ ತಳ್ಳುವ ಬಲ ಎಷ್ಟಿದೆಯೋ ಎದುರಿನಿಂದ ಅಷ್ಟೇ ತಡೆ ಸಿಗಬೇಕು. ಒಂದು ಕಡೆಗೆ ತಿರುಗಿಸುವ ಮೊಮೆಂಟ್‌ಗೆ, ಅಂದರೆ ಬಲವನ್ನು ತಿರುಗುವ ಬಿಂದುವಿನಿಂದ ಅದಕ್ಕಿರುವ ದೂರದಿಂದ ಗುಣಿಸಿದ ಗುಣಲಬ್ಧಕ್ಕೆ, ವಿರುದ್ಧ ದಿಕ್ಕಿನಲ್ಲಿ ಅಷ್ಟೇ ಮೊಮೆಂಟ್ ಇರಬೇಕು. ಲಕ್ಷಣಗಳೂ ಇದೇ ಮೂರು ಬಗೆಯವು: ಕುಸಿದಿದ್ದರೆ ಮೊದಲ ಲೆಕ್ಕ ತಪ್ಪಿದೆ, ಸರಿದಿದ್ದರೆ ಎರಡನೆಯದು, ವಾಲಿದ್ದರೆ ಮೂರನೆಯದು. ಯಾವ ಲೆಕ್ಕ ತಪ್ಪಿದೆ ಎಂಬುದು ಗೊತ್ತಾಗುವವರೆಗೆ ಸಿಮೆಂಟಿನ ಚೀಲ ಬಿಚ್ಚಬೇಡಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಅಳತೆ ಟೇಪು, ದಾರಕ್ಕೆ ಕಟ್ಟಿದ ಕಲ್ಲು, ಪೆನ್ಸಿಲು, ದಿನಾಂಕ ಬೀಳುವ ಹಾಗೆ ಫೋಟೊ ತೆಗೆಯುವ ಮೊಬೈಲು. ಇಲ್ಲಿ ಬಲವನ್ನು ನ್ಯೂಟನ್‌ನಲ್ಲಿ ಹೇಳುವ ಬದಲು ಕಿಲೋ ತೂಕದಲ್ಲೇ ಹೇಳಿದ್ದೇನೆ. ಒಂದು ಕಿಲೋ ತೂಕವೆಂದರೆ ಸುಮಾರು 9.8 ನ್ಯೂಟನ್.

ಗೇಟಿನ ತುದಿ ನೆಲಕ್ಕೆ ಉಜ್ಜುತ್ತಿದೆ

ನೆಲ ಕೆರೆದು ಗೇಟಿಗೆ ದಾರಿ ಮಾಡಿಕೊಡುವುದು ಎಲ್ಲರೂ ಮಾಡುವ ಮೊದಲ ಕೆಲಸ. ಅದರ ಬದಲು ಗೇಟನ್ನು ಅರ್ಧ ತೆರೆದು, ತುದಿಯನ್ನು ಕೈಯಿಂದ ಮೇಲಕ್ಕೆ ಎತ್ತಿ ನೋಡಿ. ಇನ್ನೊಬ್ಬರು ಮೇಲಿನ ಬಿಜಾಗರಿಯನ್ನೂ ಕಂಬದ ಬುಡವನ್ನೂ ಗಮನಿಸುತ್ತಿರಲಿ. ಕಂಬ ಅಲುಗದೆ ತುದಿ ಮಾತ್ರ ಎದ್ದರೆ ಬಿಜಾಗರಿಯ ಪಿನ್ನು ಸವೆದಿದೆ. ಇದು ಅತ್ಯಂತ ಅಗ್ಗದ ರಿಪೇರಿ. ತುದಿ ಎತ್ತಿದಾಗ ಕಂಬದ ಬುಡದ ಸುತ್ತ ಮಣ್ಣು ಬಾಯಿ ಬಿಟ್ಟು ಮುಚ್ಚುತ್ತಿದ್ದರೆ ಬಿಜಾಗರಿಗೆ ಎಷ್ಟು ಖರ್ಚು ಮಾಡಿದರೂ ನಷ್ಟವೇ.

ಎರಡನೆಯ ಪರೀಕ್ಷೆ ಟೇಪಿನದು. ಗೇಟಿನ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡು ಅಳತೆಯೂ ಒಂದೇ ಬಂದರೆ ಚೌಕಟ್ಟು ಸರಿಯಾಗಿದೆ, ವಾಲಿದ್ದು ಕಂಬ, ಇಲ್ಲವೇ ಸವೆದದ್ದು ಬಿಜಾಗರಿ. ವ್ಯತ್ಯಾಸ ಬಂದರೆ, ಖಾಲಿ ಬೆಂಕಿಪೊಟ್ಟಣವನ್ನು ಬೆರಳಿನಿಂದ ಒತ್ತಿದಾಗ ಓರೆಯಾಗುವಂತೆ, ಗೇಟೇ ಓರೆಯಾಗಿದೆ. ಆಗ ಬೇಕಾಗಿರುವುದು ಒಂದು ಓರೆಪಟ್ಟಿ. ಅದನ್ನು ಯಾವ ದಿಕ್ಕಿಗೆ ಕೊಡಬೇಕು ಎನ್ನುವುದರಲ್ಲಿ ಗೊಂದಲ ಹೆಚ್ಚು. ತುದಿ ಇಳಿಯುವಾಗ, ಮೇಲಿನ ಬಿಜಾಗರಿಯಿಂದ ತುದಿಯ ಕೆಳಮೂಲೆಗೆ ಹೋಗುವ ಗೆರೆ ಉದ್ದವಾಗುತ್ತದೆ. ಕೆಳಗಿನ ಬಿಜಾಗರಿಯಿಂದ ತುದಿಯ ಮೇಲ್ಮೂಲೆಗೆ ಹೋಗುವ ಗೆರೆ ಗಿಡ್ಡವಾಗುತ್ತದೆ. ಹಾಗಾಗಿ ತಂತಿ ಅಥವಾ ತೆಳು ಸರಳು ಕಟ್ಟುವುದಾದರೆ ಮೊದಲ ಗೆರೆಯಲ್ಲಿ ಕಟ್ಟಬೇಕು, ಅದು ಎಳೆತ ತಡೆಯುತ್ತದೆ. ಮರದ ಪಟ್ಟಿ ಹೊಡೆಯುವುದಾದರೆ ಎರಡನೆಯ ಗೆರೆಯಲ್ಲಿ ಹೊಡೆಯಬೇಕು, ಅದು ಒತ್ತು ತಡೆಯುತ್ತದೆ. ತಂತಿಯನ್ನು ಎರಡನೆಯ ಗೆರೆಯಲ್ಲಿ ಕಟ್ಟಿದರೆ ಅದು ಸಡಿಲವಾಗಿ ತೂಗಾಡುತ್ತದೆ ಅಷ್ಟೇ.

ಇನ್ನು ಕಂಬದ್ದು. ಮೂರು ಮೀಟರ್ ಅಗಲದ, 80 ಕಿಲೋ ತೂಕದ ಒಂಟಿ ಬಾಗಿಲಿನ ಗೇಟು ಎಂದಿಟ್ಟುಕೊಳ್ಳಿ. ಭಾರದ ಕೇಂದ್ರ ಕಂಬದಿಂದ ಒಂದೂವರೆ ಮೀಟರ್ ದೂರ. ಮೊಮೆಂಟ್ 80 ಗುಣಿಸು 1.5, ಅಂದರೆ 120 ಕಿಲೋ-ಮೀಟರು (ಕಿಲೋ ಗುಣಿಸು ಮೀಟರ್, ದೂರದ ಕಿಲೋಮೀಟರ್ ಅಲ್ಲ). ಬಿಜಾಗರಿಗಳ ನಡುವೆ 1.2 ಮೀಟರ್ ಅಂತರವಿದ್ದರೆ ಮೇಲಿನದು 100 ಕಿಲೋ ಬಲದಿಂದ ಕಂಬವನ್ನು ಗೇಟಿನ ಕಡೆಗೆ ಎಳೆಯುತ್ತದೆ, ಕೆಳಗಿನದು ಅಷ್ಟೇ ಬಲದಿಂದ ಆಚೆಗೆ ತಳ್ಳುತ್ತದೆ. ಅಂತರ 60 ಸೆಂಟಿಮೀಟರಿಗೆ ಇಳಿದರೆ ಅದೇ ಬಲ 200 ಕಿಲೋ ಆಗುತ್ತದೆ. ವೆಲ್ಡಿಂಗ್ ಪದೇ ಪದೇ ಬಿಟ್ಟುಕೊಳ್ಳುವುದು ಮೇಲಿನ ಬಿಜಾಗರಿಯಲ್ಲೇ ಏಕೆ ಎಂಬುದಕ್ಕೆ ಇದೇ ಉತ್ತರ. 30 ಕಿಲೋದ ಹುಡುಗ ತುದಿಯಲ್ಲಿ ಜೋತಾಡಿದರೆ ಇನ್ನೂ 90 ಕಿಲೋ-ಮೀಟರು ಸೇರುತ್ತದೆ.

ಬಿಜಾಗರಿಗಳನ್ನು ದೂರ ದೂರ ಇಟ್ಟರೆ ಬಿಜಾಗರಿ ಬದುಕುತ್ತದೆ, ಕಂಬದ ಬುಡಕ್ಕೆ ಅದರಿಂದ ಕಿಂಚಿತ್ತೂ ಲಾಭವಿಲ್ಲ. ಬುಡ ಹೊರಬೇಕಾದ್ದು ಆಗಲೂ ಅದೇ 120. ಬುಡದ ಹೊರೆ ಇಳಿಸಲು ಒಳ್ಳೆಯ ದಾರಿ ಗೇಟನ್ನು ಎರಡು ಬಾಗಿಲು ಮಾಡುವುದು. ಒಂದೊಂದು 40 ಕಿಲೋ, ಭಾರಕೇಂದ್ರ ಮುಕ್ಕಾಲು ಮೀಟರಿನಲ್ಲಿ. ಮೊಮೆಂಟ್ ಕಂಬಕ್ಕೆ 30 ಮಾತ್ರ, ನಾಲ್ಕನೇ ಒಂದು ಪಾಲು. ತುದಿಗೆ ಗಾಲಿ ಹಾಕುವ ಪದ್ಧತಿಯೂ ಇದೆ. ಸಮತಟ್ಟಾದ ಕಾಂಕ್ರೀಟ್ ಮೇಲೆ ಅದು ಚೆನ್ನ. ನಮ್ಮಲ್ಲಿ ಗೇಟಿನ ಮುಂದೆ ಸಮತಟ್ಟು ಜಾಗ ಎಲ್ಲಿದೆ? ಇಳಿಜಾರಿನಲ್ಲಿ ಗಾಲಿ ಅರ್ಧ ದಾರಿಯಲ್ಲಿ ಗಾಳಿಯಲ್ಲಿರುತ್ತದೆ, ಇಲ್ಲವೇ ಕಲ್ಲಿಗೆ ಸಿಕ್ಕಿ ಕಂಬವನ್ನೇ ಒದೆಯುತ್ತದೆ.

ಗೇಟು ತಾನಾಗಿ ತೆರೆದುಕೊಳ್ಳುವುದು ಅಥವಾ ಮುಚ್ಚಿಕೊಳ್ಳುವುದು ಬೇರೆ ಲಕ್ಷಣ. ಎರಡು ಬಿಜಾಗರಿ ಒಂದೇ ನೇರ ಲಂಬದಲ್ಲಿಲ್ಲ ಎಂದು ಅದರ ಅರ್ಥ. ದಾರ ಇಳಿಬಿಟ್ಟು ನೋಡಿದರೆ ಕ್ಷಣದಲ್ಲಿ ತಿಳಿಯುತ್ತದೆ.

ಎಚ್ಚರಿಕೆ: ಬಿಜಾಗರಿ ಬಿಚ್ಚುವ ಮುನ್ನ ಗೇಟಿನ ಅಡಿಗೆ ದಿಮ್ಮಿ ಕೊಟ್ಟು, ಮೇಲ್ಭಾಗವನ್ನು ಹಗ್ಗದಿಂದ ಕಟ್ಟಿ. ಬೀಳುವ ಗೇಟನ್ನು ಕೈಯಿಂದ ತಡೆಯಲು ಹೋಗಬೇಡಿ. ಕಲ್ಲಿನ ಅಥವಾ ಇಟ್ಟಿಗೆಯ ದೊಡ್ಡ ಕಂಬದಲ್ಲೇ ಅಡ್ಡ ಬಿರುಕು ಕಂಡರೆ ಗೇಟನ್ನು ಕಳಚಿಟ್ಟು ಮೇಸ್ತ್ರಿಯನ್ನು ಕರೆಯಿರಿ. ಅಂಥ ಕಂಬದ ಹತ್ತಿರ ಮಕ್ಕಳು ಸುಳಿಯಬಾರದು.

ಬೇಲಿಯ ಮೂಲೆಕಂಬ ತೋಟದೊಳಕ್ಕೆ ವಾಲುತ್ತಿದೆ

ನಡುವಿನ ಕಂಬಗಳು ನೆಟ್ಟಗೆ ನಿಂತಿವೆ, ಮೂಲೆಯದು ಮಾತ್ರ ವಾಲಿದೆ. ಇದರಲ್ಲಿ ಆಶ್ಚರ್ಯವಿಲ್ಲ. ನಡುವಿನ ಕಂಬವನ್ನು ತಂತಿ ಎರಡೂ ಕಡೆಯಿಂದ ಸಮನಾಗಿ ಎಳೆಯುತ್ತದೆ. ಮೂಲೆಯಲ್ಲಿ ಎರಡು ಎಳೆತಗಳು ಒಂದನ್ನೊಂದು ರದ್ದು ಮಾಡುವುದಿಲ್ಲ. ಐದು ಎಳೆ ಮುಳ್ಳುತಂತಿ, ಒಂದೊಂದರಲ್ಲಿ 40 ಕಿಲೋ ಬಿಗಿ ಎಂದರೆ ಒಂದು ಪಕ್ಕಕ್ಕೆ 200 ಕಿಲೋ. ಮೂಲೆ ಲಂಬಕೋನವಾಗಿದ್ದರೆ ಒಟ್ಟು ಎಳೆತ ಎರಡರ ನಡುಗೆರೆಯಲ್ಲಿ ಸುಮಾರು 280 ಕಿಲೋ. ಕಂಬ ವಾಲಿದ ದಿಕ್ಕನ್ನು ನೋಡಿ: ಸರಿಯಾಗಿ ನಡುಗೆರೆಯ ಕಡೆಗಿದ್ದರೆ ಬಿಗಿಯೇ ಕಾರಣ. ಬೇರೆ ದಿಕ್ಕಿಗಿದ್ದರೆ ಬಿದ್ದ ಕೊಂಬೆಯೋ, ಹಾದುಹೋದ ಆನೆಯೋ, ಪಕ್ಕದ ಚರಂಡಿ ಕೊರೆದ ಮಣ್ಣೋ ಎಂದು ಹುಡುಕಿ.

ಒಳಗಡೆಯಿಂದ ಓರೆಯಾಗಿ ಊರುಗಂಬ ಕೊಡುವುದು ವಾಡಿಕೆ. ಊರುಗಂಬ ಕೊಟ್ಟ ಮೇಲೂ ಮೂಲೆಕಂಬ ವರ್ಷ ವರ್ಷ ನೆಲದಿಂದ ಮೇಲೆದ್ದು ಬರುತ್ತಿದ್ದರೆ ಊರುಗಂಬ ತೀರ ಕಡಿದಾಗಿದೆ. ಓರೆಗಂಬ ಪಕ್ಕಕ್ಕೆ ತಳ್ಳುವುದರ ಜೊತೆಗೆ ಮೇಲಕ್ಕೂ ತಳ್ಳುತ್ತದೆ. ಅದು 45 ಡಿಗ್ರಿಯಲ್ಲಿದ್ದರೆ 280 ಕಿಲೋ ಪಕ್ಕದ ತಡೆಗೆ ಮೇಲೆತ್ತುವ ಬಲವೂ 280 ಕಿಲೋ. ಕಲ್ಲುಕಂಬದ ಸ್ವಂತ ತೂಕ ಅದಕ್ಕೆ ಸಾಲದು, ಜೂನ್‌ನಲ್ಲಿ ಮಣ್ಣು ಮೆತ್ತಗಾದಾಗ ಹಿಡಿತವೂ ಇಲ್ಲ. ಊರುಗಂಬದ ಬುಡವನ್ನು ಎರಡು ಪಟ್ಟು ದೂರಕ್ಕೆ ಒಯ್ದರೆ ಎತ್ತುವ ಬಲ ಅರ್ಧಕ್ಕೆ ಇಳಿಯುತ್ತದೆ. ಬುಡದ ಕೆಳಗೆ ಚಪ್ಪಟೆ ಕಲ್ಲು ಹೂಳುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅದೇ ಹಿಂದಕ್ಕೆ ಸರಿದುಹೋಗುತ್ತದೆ.

ಸೋಲಾರ್ ಬೇಲಿಯಾದರೆ ಮುಟ್ಟುವ ಮುನ್ನ ಯಂತ್ರ ಆರಿಸಿ. ಬೇಲಿಗೆ ನೇರ ಮನೆಯ ಕರೆಂಟು ಕೊಡುವುದು ಕೊಲೆಗೆ ಸಮಾನ, ಕಾನೂನಿನ ಪ್ರಕಾರ ಅಪರಾಧ ಕೂಡ.

ಅಡ್ಡಹಗ್ಗ ಪದೇ ಪದೇ ಕಡಿಯುತ್ತದೆ

ಟರ್ಪಾಲು ಹಾಕಲು, ಬಟ್ಟೆ ಒಣಗಿಸಲು ಎರಡು ಮರಗಳ ನಡುವೆ ಕಟ್ಟಿದ ಹಗ್ಗವನ್ನು ಜೋಲದ ಹಾಗೆ ಬಿಗಿದಷ್ಟೂ ಅದು ಬೇಗ ಹೋಗುತ್ತದೆ. ಹತ್ತು ಮೀಟರ್ ಹಗ್ಗದ ನಡುವೆ ನಾಲ್ಕು ಕಿಲೋ ತೂಕದ ಒದ್ದೆ ಕಂಬಳಿ ಹಾಕಿದಿರಿ, ನಡು ಹತ್ತು ಸೆಂಟಿಮೀಟರ್ ಮಾತ್ರ ಇಳಿಯಿತು ಎಂದರೆ ಹಗ್ಗದಲ್ಲಿ ಸುಮಾರು 100 ಕಿಲೋ ಎಳೆತ. ಅರ್ಧ ಮೀಟರ್ ಇಳಿಯಲು ಬಿಟ್ಟರೆ ಎಳೆತ 20 ಕಿಲೋ. ಮೊದಲು ಹಗ್ಗ ಸಡಿಲಿಸಿ, ಆಮೇಲೆ ಬೇಕಿದ್ದರೆ ದಪ್ಪ ಹಗ್ಗ ಕೊಳ್ಳಿ. ಟರ್ಪಾಲಿನ ಮೇಲೆ ನೀರು ಗುಂಡಿಯಾಗಿ ನಿಲ್ಲುತ್ತಿದ್ದರೆ ಹಗ್ಗದ ಲೆಕ್ಕ ಬಿಡಿ. ಒಂದು ಬಕೆಟ್ ನೀರೇ ಹದಿನೈದು ಕಿಲೋ, ಇಳಿಜಾರು ಕೊಟ್ಟು ನೀರು ಹರಿಸುವುದೊಂದೇ ಪರಿಹಾರ.

ಏಣಿಯ ಬುಡ ಜಾರುತ್ತದೆ

ಕರಿಮೆಣಸಿನ ಕೊಯ್ಲಿನಲ್ಲಿ ಈ ಮಾತು ಕೇಳದ ತೋಟವಿಲ್ಲ. ಮೊದಲ ಮೆಟ್ಟಿಲ ಮೇಲೆ ನಿಂತು ಕುಲುಕಿ ನೋಡಿ, ಗಟ್ಟಿಯಾಗಿದೆ ಎಂದು ಹತ್ತುವುದು ರೂಢಿ. ಆ ಪರೀಕ್ಷೆ ಏನನ್ನೂ ಹೇಳುವುದಿಲ್ಲ.

ಏಣಿ 15 ಕಿಲೋ, ಹತ್ತುವವರು 70 ಕಿಲೋ, ಏಣಿ ನೆಲಕ್ಕೆ 60 ಡಿಗ್ರಿಯಲ್ಲಿದೆ, ಒರಗಿದ ಕಾಂಡ ನುಣುಪಾಗಿದೆ ಎಂದುಕೊಳ್ಳಿ. ಆಳು ಹತ್ತನೇ ಒಂದು ಎತ್ತರದಲ್ಲಿದ್ದಾಗ ಬುಡ ಜಾರದಿರಲು ಬೇಕಾದ ಘರ್ಷಣೆ ಸುಮಾರು 8 ಕಿಲೋ. ತುದಿ ತಲುಪಿದಾಗ ಬೇಕಾದದ್ದು 45 ಕಿಲೋ. ನೆಲದ ಮೇಲಿನ ಒಟ್ಟು ಭಾರ ಎರಡೂ ಹೊತ್ತಿನಲ್ಲಿ 85 ಕಿಲೋವೇ, ಹಾಗಾಗಿ ನೆಲ ಕೊಡಬಲ್ಲ ಹಿಡಿತವೂ ಬದಲಾಗುವುದಿಲ್ಲ. ಒದ್ದೆ ತರಗೆಲೆಯ ಮೇಲೆ ಆ ಭಾರದ ಮೂರನೇ ಒಂದು ಪಾಲು, ಅಂದರೆ 28 ಕಿಲೋ ಹಿಡಿತ ಸಿಕ್ಕರೂ ಪುಣ್ಯ. ಏಣಿ ಕೆಳಗೆ ಸುಮ್ಮನಿದ್ದು ಮೇಲೆ ಹೋದಾಗ ಮೋಸ ಮಾಡುವುದು ಹೀಗೆ. ಅದೇ ಏಣಿಯನ್ನು 75 ಡಿಗ್ರಿಗೆ ನಿಲ್ಲಿಸಿದರೆ ತುದಿಯಲ್ಲೂ 21 ಕಿಲೋ ಸಾಕು. ಏಣಿ ಒರಗುವ ಎತ್ತರದ ನಾಲ್ಕನೇ ಒಂದು ಪಾಲು ದೂರಕ್ಕೆ ಬುಡ ಇಡಿ: 4.8 ಮೀಟರ್ ಎತ್ತರಕ್ಕೆ 1.2 ಮೀಟರ್. ಇದಕ್ಕಿಂತ ಹತ್ತಿರ ತಂದರೆ ಹಿಂದಕ್ಕೆ ಮಗುಚುವ ಅಪಾಯ.

ಪರೀಕ್ಷೆಯ ಕ್ರಮ ಇಷ್ಟೇ. ತರಗೆಲೆ ಗುಡಿಸಿ ಗಟ್ಟಿ ಮಣ್ಣು ಕಾಣಿಸಿ. ಬುಡಕ್ಕೆ ಹಾರೆಯಿಂದ ಗುಣಿ ಹೊಡೆಯಿರಿ ಅಥವಾ ಬುಡವನ್ನು ಅದೇ ಮರಕ್ಕೆ ಹಗ್ಗದಿಂದ ಕಟ್ಟಿ. ಏಣಿ ಅಕ್ಕಪಕ್ಕಕ್ಕೆ ಹೊರಳುತ್ತಿದ್ದರೆ ದೋಷ ಬುಡದಲ್ಲಿಲ್ಲ, ಮೇಲಿದೆ. ದುಂಡು ಕಾಂಡಕ್ಕೆ ತುದಿಯನ್ನು ಕಟ್ಟಬೇಕು. ಕೆಳಗೆ ಒಬ್ಬರು ಬುಡ ಒದ್ದು ಹಿಡಿಯುವುದರಿಂದ ಧೈರ್ಯ ಬರುತ್ತದೆ, ಲೆಕ್ಕ ಬದಲಾಗುವುದು ಕಡಿಮೆ.

ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಜೀವ ಹೋಗುವುದು ಇಲ್ಲಿ ಹೊಸ ಸುದ್ದಿಯಲ್ಲ. ತಂತಿ ಹಾದುಹೋಗುವ ಸಾಲಿನಲ್ಲಿ ಲೋಹದ ಏಣಿ ಬೇಡವೇ ಬೇಡ. ಏಣಿ ಎತ್ತುವ ಮುನ್ನ ತಲೆ ಎತ್ತಿ ನೋಡುವುದು, ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಏಣಿಯನ್ನು ಮಲಗಿಸಿ ಒಯ್ಯುವುದು, ಇವೆರಡಕ್ಕೂ ವಿನಾಯಿತಿ ಇಲ್ಲ.

ಹೆಂಚಿನ ಮಾಡಿನ ಕೆಳಗೆ ಗೋಡೆಯ ತಲೆ ಹೊರಕ್ಕೆ ಸರಿದಿದೆ

ಹಳೆಯ ಮನೆಗಳಲ್ಲಿ, ಲೈನ್ ಮನೆಗಳಲ್ಲಿ (ತೋಟದ ಕೆಲಸಗಾರರ ಸಾಲುಮನೆ) ಕಾಣುವ ಲಕ್ಷಣ. ಗೋಡೆಯ ಮೇಲಂಚಿನ ಉದ್ದಕ್ಕೂ ಅಡ್ಡ ಬಿರುಕು, ಮಾಡಿನ ನೆತ್ತಿ ನಡುವೆ ಕುಳಿಬಿದ್ದದ್ದು, ಹೆಂಚಿನ ಸಾಲು ಅಲ್ಲಲ್ಲಿ ಬಾಯಿ ಬಿಟ್ಟು ಸೋರುವುದು. ಸೋರಿದ ಜಾಗದಲ್ಲಿ ಹೆಂಚು ಬದಲಿಸುತ್ತ ಹೋಗುವವರು ಗೋಡೆಯ ಕಡೆಗೆ ನೋಡುವುದಿಲ್ಲ.

ಮಂಗಳೂರು ಹೆಂಚು ರೀಪು (ಹೆಂಚು ಕೂರುವ ಮರದ ಪಟ್ಟಿ) ಸಮೇತ ಚದರ ಮೀಟರಿಗೆ ಸುಮಾರು 65 ಕಿಲೋ. ಆರು ಮೀಟರ್ ಅಗಲದ ಕೋಣೆ, ನೆತ್ತಿ ಒಂದೂವರೆ ಮೀಟರ್ ಎತ್ತರ, 60 ಸೆಂಟಿಮೀಟರಿಗೊಂದು ಪಕಾಸು (ನೆತ್ತಿಯಿಂದ ಗೋಡೆಗೆ ಇಳಿಯುವ ಓರೆ ಮರ) ಎಂದರೆ ಒಂದು ಜೊತೆ ಪಕಾಸಿನ ಮೇಲೆ ಹೆಚ್ಚುಕಡಿಮೆ 260 ಕಿಲೋ. ನೆತ್ತಿಯ ತೊಲೆಗೆ ಬೇರೆ ಆಧಾರ ಇಲ್ಲದಿದ್ದರೆ ಎರಡು ಪಕಾಸುಗಳು ಒಂದಕ್ಕೊಂದು ಒರಗಿಕೊಂಡು ಬುಡವನ್ನು ಹೊರಕ್ಕೆ ಒದೆಯುತ್ತವೆ, ಒಂದೊಂದು ಕಡೆ ಸುಮಾರು 130 ಕಿಲೋ ಬಲದಿಂದ. ಇಷ್ಟೇ ಭಾರಕ್ಕೆ ನೆತ್ತಿಯ ಎತ್ತರ ಮೂರು ಮೀಟರ್ ಇದ್ದಿದ್ದರೆ ಈ ಒದೆತ ಅರ್ಧ. ಹಳಬರು ಮಾಡನ್ನು ಕಡಿದಾಗಿ ಇಳಿಸುತ್ತಿದ್ದುದು ಬರೀ ಮಳೆನೀರು ಹರಿಯಲಿ ಎಂದಲ್ಲ ಎಂದು ನನಗೆ ಅನಿಸುವುದು ಇದರಿಂದಲೇ.

ಈ ಒದೆತವನ್ನು ಹಿಡಿದಿಡುವುದು ಗೋಡೆಯಿಂದ ಗೋಡೆಗೆ ಹಾಯುವ ಅಡ್ಡತೊಲೆ. ಆದ್ದರಿಂದ ಮೊದಲ ಪರೀಕ್ಷೆ ಅಟ್ಟ ಹತ್ತಿ ನೋಡುವುದು. ಕೋಣೆ ಎತ್ತರ ಕಾಣಲೆಂದೋ, ಹೊಸ ಸೀಲಿಂಗ್ ಹಾಕಲೆಂದೋ ಯಾರಾದರೂ ಅಡ್ಡತೊಲೆ ಕತ್ತರಿಸಿದ್ದಾರೆಯೇ? ಗೋಡೆಯೊಳಗೆ ಹೂತ ಅದರ ತುದಿ ಗೆದ್ದಲಿಗೆ ಹೋಗಿದೆಯೇ? ಚಾಕುವಿನ ತುದಿ ಚುಚ್ಚಿ ನೋಡಿ, ಗಟ್ಟಿ ಮರಕ್ಕೆ ಅದು ಇಳಿಯುವುದಿಲ್ಲ. ಬಳಿಕ ಗೋಡೆಯ ಹೊರಗೆ ದಾರ ಇಳಿಬಿಟ್ಟು, ಗೋಡೆಗೂ ದಾರಕ್ಕೂ ಇರುವ ಅಂತರವನ್ನು ಮೇಲೆ, ನಡುವೆ, ಕೆಳಗೆ ಅಳೆದು ಗೋಡೆಯ ಮೇಲೇ ದಿನಾಂಕದೊಡನೆ ಬರೆಯಿರಿ.

ಬಿರುಕಿನ ಆಕಾರವೇ ಅರ್ಧ ಕಥೆ ಹೇಳುತ್ತದೆ. ಮೇಲೆ ಅಗಲವಾಗಿ ಕೆಳಗೆ ಸಣ್ಣದಾಗುತ್ತ ಹೋದರೆ ಗೋಡೆ ತಿರುಗುತ್ತಿದೆ. ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓರೆ ಹೋದರೆ ಒಂದು ಮೂಲೆಯ ಅಡಿಪಾಯ ಕುಸಿಯುತ್ತಿದೆ, ಮಾಡಿನ ಒದೆತಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಮೂಲೆಯಲ್ಲಿ ಮಾಡಿನ ನೀರು ಎಲ್ಲಿ ಬೀಳುತ್ತದೆ ಎಂದು ನೋಡಿ. ಬಿರುಕು ಜೀವಂತವೋ ಹಳೆಯದೋ ಎಂದು ತಿಳಿಯಲು ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ. ಗಾಜು ಒಡೆದರೆ ಅದು ಇನ್ನೂ ಸರಿಯುತ್ತಿದೆ. ಗಾರೆ ಮೆತ್ತಿ ಬಣ್ಣ ಹೊಡೆದರೆ ಈ ಸಾಕ್ಷಿಯೆಲ್ಲ ಮುಚ್ಚಿಹೋಗುತ್ತದೆ.

ತಾತ್ಕಾಲಿಕವಾಗಿ ಗೋಡೆಗೆ ಹೊರಗಿನಿಂದ ಓರೆ ಆನಿಕೆ ಕೊಡಬಹುದು. ಜಾಕ್ ಇಟ್ಟು ಗೋಡೆಯನ್ನು ಹಿಂದಕ್ಕೆ ತಳ್ಳುವುದು, ತುಂಡಾದ ಅಡ್ಡತೊಲೆಯ ಜಾಗದಲ್ಲಿ ಸರಳು ಹಾಕಿ ಬಿಗಿದು ನೆಟ್ಟಗೆ ಮಾಡುವುದು ಬೇಡ. ಮಣ್ಣಿನ ಗೋಡೆ ಬಾಗಿದ ಹಾಗೆ ಮರಳಿ ಬಾಗುವುದಿಲ್ಲ, ಒಡೆಯುತ್ತದೆ. ಸರಳು ಬೇಕಾಗಿರುವುದು ಇನ್ನು ಮುಂದೆ ಸರಿಯದಂತೆ ಹಿಡಿಯಲು ಮಾತ್ರ, ಅದರ ಗಾತ್ರವನ್ನೂ ಗೋಡೆಯ ಹೊರಗೆ ಕೂರುವ ತಗಡನ್ನೂ ಸ್ಟ್ರಕ್ಚರಲ್ ಎಂಜಿನಿಯರ್ ನಿರ್ಧರಿಸಬೇಕು.

ತಡೆಗೋಡೆ ಒಸರುತ್ತಿದೆ, ಉಬ್ಬಿದೆ, ವಾಲಿದೆ

ಬರೆ (ಗುಡ್ಡದ ಕಡಿದಾದ ಬದಿ) ಕಡಿದು ಮನೆ ಕಟ್ಟುವ ನಾಡಿನಲ್ಲಿ ಅತಿ ಹೆಚ್ಚು ದುಡ್ಡು ಮಣ್ಣುಪಾಲಾಗುವುದು ಇಲ್ಲೇ. ಲೆಕ್ಕ ಸ್ವಲ್ಪ ನಿಧಾನವಾಗಿ ನೋಡೋಣ, ಲಕ್ಷಣಗಳೆಲ್ಲ ಅದರಿಂದಲೇ ಬಿಡಿಸಿಕೊಳ್ಳುತ್ತವೆ.

ಎರಡು ಮೀಟರ್ ಎತ್ತರದ ಗೋಡೆ, ಹಿಂದೆ ಸಮತಟ್ಟು ಮಣ್ಣು. ಒಂದು ಮೀಟರ್ ಉದ್ದದ ಲೆಕ್ಕ ಹಿಡಿದರೆ, ನೀರಿಲ್ಲದ ಸಾಧಾರಣ ಮಣ್ಣು ಅದನ್ನು ಸುಮಾರು 1,200 ಕಿಲೋ ಬಲದಿಂದ ತಳ್ಳುತ್ತದೆ. ಆಳ ಹೆಚ್ಚಿದಂತೆ ಒತ್ತಡ ಹೆಚ್ಚುವುದರಿಂದ ಈ ಬಲ ಬುಡದಿಂದ ಮೂರನೇ ಒಂದು ಎತ್ತರದಲ್ಲಿ, 67 ಸೆಂಟಿಮೀಟರಿನಲ್ಲಿ ಕೆಲಸ ಮಾಡುತ್ತದೆ. ಮಗುಚಿಸುವ ಮೊಮೆಂಟ್ 800 ಕಿಲೋ-ಮೀಟರು. ಈಗ ಹಿಂದೆ ನೀರು ಪೂರ್ತಿ ನಿಂತಿತು ಎನ್ನಿ. ನೀರೊಂದೇ 2,000 ಕಿಲೋ ತಳ್ಳುತ್ತದೆ. ನೆನೆದ ಮಣ್ಣಿನ ಪಾಲೂ ಸೇರಿ 2,600 ದಾಟುತ್ತದೆ, ಮೊಮೆಂಟ್ 1,750ರ ಆಸುಪಾಸು. ಗೋಡೆ ಅದೇ, ಮಣ್ಣು ಅದೇ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆ ಬಂದು ಹೊರೆ ಎರಡು ಪಟ್ಟು ಮೀರಿತು.

ಎದುರು ನಿಲ್ಲುವುದು ಗೋಡೆಯ ತೂಕ. 60 ಸೆಂಟಿಮೀಟರ್ ದಪ್ಪದ ನೇರ ಕಲ್ಲುಗೋಡೆ ಮೀಟರಿಗೆ 2,640 ಕಿಲೋ. ಭಾರಕೇಂದ್ರ ಮುಂದಿನ ಅಂಚಿನಿಂದ 30 ಸೆಂಟಿಮೀಟರ್. ತಡೆಯುವ ಮೊಮೆಂಟ್ ಸುಮಾರು 790. ಒಣ ಮಣ್ಣಿಗೇ ಅದು ತೂಗುಗತ್ತಿಯ ಕೆಳಗಿದೆ. ಬುಡದಲ್ಲಿ 1.2 ಮೀಟರ್, ತಲೆಯಲ್ಲಿ ಅರ್ಧ ಮೀಟರ್ ಇರುವಂತೆ ಮುಂದಿನ ಮುಖವನ್ನು ಓರೆಯಾಗಿ ಕಟ್ಟಿದರೆ ತೂಕ 3,740 ಕಿಲೋ, ತಡೆಯುವ ಮೊಮೆಂಟ್ 2,800. ಕಲ್ಲು ಒಂದೂವರೆ ಪಟ್ಟೂ ಆಗಲಿಲ್ಲ, ಮಗುಚದ ಶಕ್ತಿ ಮೂರೂವರೆ ಪಟ್ಟು. ಮೇಸ್ತ್ರಿಗಳು ಬುಡ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬಾರದು ಎನ್ನುವುದು ಸುಮ್ಮನೆ ಅಲ್ಲ. ಆದರೆ ಇಷ್ಟು ಗಟ್ಟಿ ಗೋಡೆಯೂ ಜಾರಬಹುದು. ಬುಡದಲ್ಲಿ ತೂಕದ ಅರ್ಧದಷ್ಟು ಘರ್ಷಣೆ ಸಿಕ್ಕರೆ 1,870 ಕಿಲೋ: ಒಣಗಿದ್ದಾಗ ಸಾಕು, ನೀರು ನಿಂತಾಗ ಸಾಲದು. ಉಳಿದದ್ದನ್ನು ಗೋಡೆಯ ಮುಂದೆ ಹೂತಿರುವ ಮಣ್ಣು ತಡೆಯಬೇಕು. ಅದನ್ನೇ ನಾವು ಚರಂಡಿ ಮಾಡಲೆಂದು ಜೆಸಿಬಿಯಿಂದ ಕೆರೆದು ಹಾಕುತ್ತೇವೆ.

ಇನ್ನು ಲಕ್ಷಣಗಳು, ಅಗ್ಗದಿಂದ ದುಬಾರಿಯ ಕಡೆಗೆ.

ಗೋಡೆಯ ಸಂದುಗಳಲ್ಲಿ ನೀರು ಒಸರುತ್ತಿದೆ, ನೀರು ಹೋಗಲು ಬಿಟ್ಟ ಪೈಪುಗಳು ಮಾತ್ರ ಒಣಗಿವೆ. ಪೈಪು ಕಟ್ಟಿಕೊಂಡಿದೆ. ಮಳೆ ನಿಂತ ದಿನ ಪಕ್ಕದಲ್ಲಿ ನಿಂತು, ಎದುರು ನಿಲ್ಲದೆ, ಸರಳಿನಿಂದ ಚುಚ್ಚಿ ಬಿಡಿಸಿ. ತಿಳಿನೀರು ಬಂದರೆ ಶುಭ. ಕೆಂಪು ನೀರು, ಮಣ್ಣು ಬರುತ್ತಲೇ ಇದ್ದರೆ ಹಿಂದೆ ಜಲ್ಲಿಯ ಪದರ ಇಲ್ಲ ಅಥವಾ ಕೆಟ್ಟಿದೆ, ಗೋಡೆಯ ಬೆನ್ನಿಗೆ ಪೊಳ್ಳು ಆಗುತ್ತಿದೆ.

ಪೈಪು ಬಿಡಿಸುವುದಕ್ಕೂ ಮೊದಲು ಗೋಡೆಯ ಮೇಲಕ್ಕೆ ಹೋಗಿ ನೋಡಿ, ಇದಕ್ಕೆ ಕಾಸೂ ಬೇಡ. ಮಾಡಿನ ದೋಣಿಯ ನೀರು ಎಲ್ಲಿ ಇಳಿಯುತ್ತದೆ? ಬಚ್ಚಲ ನೀರು? ಮೇಲೆ ಸಾವಿರ ಲೀಟರಿನ ಟ್ಯಾಂಕು ಕೂರಿಸಿದ್ದರೆ ಅದೊಂದು ಟನ್. ಕಾಫಿ ಚೀಲದ ರಾಶಿ, ಸೌದೆ, ನಿಲ್ಲಿಸಿದ ಪಿಕಪ್, ಎಲ್ಲವನ್ನೂ ಕನಿಷ್ಠ ಗೋಡೆಯ ಎತ್ತರದಷ್ಟು ದೂರ ಒಯ್ಯಿರಿ. ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸುವ ಒಂದು ಕಾಲುವೆ ಎಷ್ಟೋ ಟ್ರಿಪ್ ಕಲ್ಲಿಗೆ ಸಮ.

ಗೋಡೆಯ ಹೊಟ್ಟೆ ಮುಂದೆ ಬಂದಿದೆ, ತಲೆ ಬುಡ ನೆಟ್ಟಗಿವೆ. ಇದು ಮಗುಚುವುದಲ್ಲ. ಸೈಜುಗಲ್ಲಿನ ಮುಂದಿನ ವರಸೆ ಹಿಂದಿನಿಂದ ಬಿಟ್ಟುಕೊಂಡಿದೆ. ಗೋಡೆಯ ಪೂರ್ಣ ದಪ್ಪಕ್ಕೆ ಹಾಯುವ ಉದ್ದ ಕಲ್ಲುಗಳನ್ನು ಕಟ್ಟುವಾಗ ಇಟ್ಟಿಲ್ಲ. ಇದಕ್ಕೆ ಹೊರಗಿನಿಂದ ಸಿಮೆಂಟು ಬಳಿದರೆ ನೀರು ಹೊರಬರುವ ದಾರಿಯೂ ಮುಚ್ಚಿ ಉಬ್ಬು ಇನ್ನೂ ಬೇಗ ಬೆಳೆಯುತ್ತದೆ. ಆ ಭಾಗವನ್ನು ಬೇಸಿಗೆಯಲ್ಲಿ ಬಿಚ್ಚಿ ಕಟ್ಟಬೇಕು.

ತಲೆ ಮುಂದೆ ವಾಲಿದೆ, ಮೇಲೆ ಮಣ್ಣಿಗೂ ಗೋಡೆಗೂ ನಡುವೆ ಸೀಳು ಬಿಟ್ಟಿದೆ. ಇದು ಮಗುಚುವ ಲಕ್ಷಣ. ಆ ಸೀಳಿಗೆ ನೀರು ಇಳಿದರೆ ಮೇಲೆ ಹೇಳಿದ ಎರಡು ಪಟ್ಟಿನ ಲೆಕ್ಕ ಒಂದೇ ರಾತ್ರಿಯಲ್ಲಿ ನಿಜವಾಗುತ್ತದೆ. ಟರ್ಪಾಲು ಹೊದಿಸಿ ಸೀಳಿಗೆ ನೀರು ಹೋಗದಂತೆ ಮಾಡಿ, ಗೋಡೆಯ ಕೆಳಗಿನ ಜಾಗವನ್ನು ಖಾಲಿ ಮಾಡಿಸಿ. ಬುಡವೇ ಮುಂದೆ ಬಂದು ಎದುರಿನ ನೆಲ ಉಬ್ಬಿದ್ದರೆ ಜಾರುವಿಕೆ. ಆಗ ಬುಡದ ಮುಂದೆ ಮಣ್ಣು ತೆಗೆಯುವುದಿರಲಿ, ಚೀಲದಲ್ಲಿ ಮಣ್ಣು ತುಂಬಿ ಅಲ್ಲಿ ಒಟ್ಟಬೇಕು, ಅದೂ ಮಳೆ ಬಿಡುವು ಕೊಟ್ಟ ಹಗಲಿನಲ್ಲಿ, ಒಬ್ಬರು ಗೋಡೆಯ ತಲೆಯನ್ನೇ ನೋಡುತ್ತ ನಿಂತಿರುವಾಗ.

ಎಷ್ಟು ವಾಲಿದರೆ ಅಪಾಯ ಎಂಬ ಪ್ರಶ್ನೆಗೆ ನಾನು ಸೆಂಟಿಮೀಟರಿನಲ್ಲಿ ಉತ್ತರ ಕೊಡುವುದಿಲ್ಲ. ಹತ್ತು ವರ್ಷದಿಂದ ವಾಲಿ ನಿಂತ ಗೋಡೆಗಿಂತ ಈ ವಾರ ಬೆರಳಿನಷ್ಟು ಸರಿದ ಗೋಡೆಗೆ ಹೆಚ್ಚು ಹೆದರಬೇಕು. ವಾರಕ್ಕೊಮ್ಮೆ ದಾರ ಬಿಟ್ಟು ಅಳೆದ ಚೀಟಿ ಇದ್ದರೆ ಎಂಜಿನಿಯರ್ ಬಂದಾಗ ಮೊದಲು ಅದನ್ನೇ ಕೇಳುತ್ತಾರೆ.

ಹೊಸದಾಗಿ ಕಟ್ಟುವುದಾದರೆ ಎತ್ತರದ ಒಂದೇ ಗೋಡೆಯ ಆಸೆ ಬಿಡಿ. ಎತ್ತರ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು, ಮೊಮೆಂಟ್ ಎಂಟು ಪಟ್ಟು. ಒಂದೊಂದು ಮೀಟರಿನ ಎರಡು ಗೋಡೆ ಕಟ್ಟಿ, ಮೇಲಿನದನ್ನು ಸಾಕಷ್ಟು ಹಿಂದೆ ಇಡಿ. ತೀರ ಹತ್ತಿರವಿದ್ದರೆ ಮೇಲಿನ ಗೋಡೆಯ ಭಾರ ಕೆಳಗಿನದರ ಬೆನ್ನಿಗೇ ಬೀಳುತ್ತದೆ. ಎರಡು ಮೀಟರ್ ದಾಟುವ ಯಾವ ತಡೆಗೋಡೆಗೂ ನಕ್ಷೆ ಇಲ್ಲದೆ ಕೈ ಹಾಕಬೇಡಿ.

ಗೋಡೆಯಲ್ಲ, ನೆಲವೇ ಸರಿಯುತ್ತಿದೆ

ಇಲ್ಲಿಗೆ ಬಂದಾಗ ಟೇಪು, ದಾರ ಎಲ್ಲ ಕೆಳಗಿಡಿ. ಮನೆಯ ಮೇಲಿನ ಇಳಿಜಾರಿನಲ್ಲಿ ಅರ್ಧಚಂದ್ರಾಕಾರದ ಬಿರುಕು. ನೆಟ್ಟಗಿದ್ದ ಸಿಲ್ವರ್ ಓಕ್ ಮರಗಳು ಒಂದೇ ಕಡೆ ವಾಲಿದ್ದು. ಹೊಸ ಜಾಗದಲ್ಲಿ ನೀರು ಉಕ್ಕುವುದು. ಹಳೆಯ ಒರತೆ ಇದ್ದಕ್ಕಿದ್ದಂತೆ ಕೆಂಪಾಗುವುದು ಅಥವಾ ನಿಂತುಹೋಗುವುದು. ಬಾಗಿಲು ಕಿಟಕಿ ಒಮ್ಮೆಲೇ ಹಿಡಿದುಕೊಳ್ಳುವುದು. ಗುಡ್ಡದೊಳಗಿನಿಂದ ಗುಡುಗುಡು ಸದ್ದು. ಈ ಲಕ್ಷಣಗಳಲ್ಲಿ ಒಂದೆರಡು ಒಟ್ಟಿಗೆ ಕಂಡರೂ ಸಾಕು. ತಡೆಗೋಡೆ ಹಿಡಿದಿಡುವುದು ತನ್ನ ಬೆನ್ನಿನ ಮಣ್ಣನ್ನು ಮಾತ್ರ. ಜಾರುವ ಪದರ ಗೋಡೆಯ ಅಡಿಯಿಂದಲೇ ಹಾದುಹೋಗಿದ್ದರೆ ಗೋಡೆಯೂ ಮನೆಯೂ ಅದರ ಮೇಲಿನ ಹೊರೆ ಅಷ್ಟೇ.

ಇಳಿಜಾರಿನ ಮಣ್ಣನ್ನು ನಿಲ್ಲಿಸಿರುವುದು ಪದರ ಪದರದ ನಡುವಿನ ಹಿಡಿತ. ನೀರು ಇಳಿದಾಗ ಮಣ್ಣಿನ ತೂಕ ಹೆಚ್ಚುತ್ತದೆ. ಅದೇ ಹೊತ್ತಿಗೆ ಕಣಗಳ ನಡುವಿನ ನೀರಿನ ಒತ್ತಡ ಅವುಗಳನ್ನು ಒಂದರಿಂದೊಂದು ಎತ್ತಿ ಹಿಡಿತವನ್ನು ಕಡಿಮೆ ಮಾಡುತ್ತದೆ. ತಳ್ಳುವುದು ಹೆಚ್ಚಾಗಿ ತಡೆಯುವುದು ಇಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮದೆನಾಡಿನ ಕಡೆ, 2019ರ ಆಗಸ್ಟ್‌ನಲ್ಲಿ ತೋರ ಗ್ರಾಮದಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟದಲ್ಲಿ ಗುಡ್ಡ ಕುಸಿದು ಜನ ಸತ್ತದ್ದನ್ನು ನಾವೆಲ್ಲ ನೋಡಿದ್ದೇವೆ. ಮೂರೂ ಎಡೆಬಿಡದ ಮಳೆಯ ದಿನಗಳು. ಮನೆಯ ಹಿಂದೆ ಹೊಸದಾಗಿ ನೇರ ಕಡಿದ ಬರೆ ಇದ್ದರೆ ಇನ್ನೂ ಕೇಡು, ಇಳಿಜಾರಿನ ಬುಡದ ಆಧಾರವನ್ನೇ ನಾವು ಕಿತ್ತುಕೊಂಡಿರುತ್ತೇವೆ.

ಮಾಡಬೇಕಾದದ್ದು ಮನೆ ಬಿಡುವುದು, ಹಗಲಿನಲ್ಲೇ, ಕೊಲ್ಲಿ (ಗುಡ್ಡಗಳ ನಡುವಿನ ಹಳ್ಳದ ಕಣಿವೆ) ಮತ್ತು ನೀರಿನ ಹರಿವಿನ ದಾರಿ ತಪ್ಪಿಸಿ ಪಕ್ಕದ ಏರಿನ ಕಡೆಗೆ. ಜಿಲ್ಲಾ ತುರ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077, ಪೊಲೀಸ್ ಮತ್ತು ಅಗ್ನಿಶಾಮಕಕ್ಕೆ 112. ಗ್ರಾಮ ಪಂಚಾಯಿತಿಗೂ ತಿಳಿಸಿ, ಕೆಳಗಿನ ಮನೆಯವರಿಗೆ ಅದಕ್ಕೂ ಮೊದಲು ತಿಳಿಸಿ. ಮಳೆ ನಿಂತು ಬಿಸಿಲು ಬಂತೆಂದು ಅಂದೇ ಮರಳಬೇಡಿ. ಮೇಲ್ಮೈ ಒಣಗಿದರೂ ಆಳಕ್ಕೆ ಇಳಿದ ನೀರು ಹೊರಬರಲು ದಿನಗಳು ಹಿಡಿಯುತ್ತವೆ, ಅಷ್ಟು ದಿನವೂ ಒಳಗಿನ ಲೆಕ್ಕ ಬದಲಾಗಿರುವುದಿಲ್ಲ. ಭೂವಿಜ್ಞಾನ ಬಲ್ಲವರು ಬಂದು ಬಿರುಕು ನೋಡಿ ಹೇಳಿದ ಮೇಲೆ ಸಾಮಾನು ತರಲು ಹೋದರೆ ಸಾಕು.